ಮುಖಪುಟ ಕಿತ್ತುಹೋದ ಹಳೇ ಸ್ಪೈಡರ್‌ಮ್ಯಾನ್ ಕಾಮಿಕ್ಸ್: ಯಾವ ಸಂಚಿಕೆ ಅಂತ ಪತ್ತೆ ಹಚ್ಚೋದು ಹೇಗೆ?

ಪ್ರಶ್ನೆ

ಬಾಲ್ಯದಲ್ಲಿ ಓದಿದ ಅಮೆರಿಕನ್ ಮಾರ್ವೆಲ್ ಕಾಮಿಕ್ಸ್ ಇದು, 1970ರ ದಶಕದ್ದು ಅಂತ ಅಂದಾಜು. ಮುಖಪುಟ ಇಲ್ಲ, ಒಳಗೆ 15 ಹಾಳೆ ಇವೆ. ಕತೆಯ ಮೊದಲ ಪುಟ ಇದೆ, ಆದರೆ ಅದರ ಕೆಳಅಂಚು ಹರಿದಿದೆ. ಓದುಗರ ಪತ್ರಗಳ ಪುಟದಲ್ಲಿ ಒಂದು ಸಣ್ಣ ಚೌಕವನ್ನು ಯಾರೋ ಕತ್ತರಿಸಿದ್ದಾರೆ. ಮಧ್ಯೆ ಒಂದು ಕಡೆ ಕತೆ ಹಾರಿದ ಹಾಗಿದೆ. ನೆನಪಿರುವ ಕತೆ ಹೇಳಿ ಹುಡುಕಿದರೆ ಹತ್ತಾರು ಸಂಚಿಕೆ ಬರುತ್ತಿವೆ. ಸಂಖ್ಯೆ ಮತ್ತು ತಿಂಗಳು ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ 1

ಕತೆಯ ನೆನಪನ್ನು ಸದ್ಯಕ್ಕೆ ಬದಿಗಿಡಿ. ಎರಡು ಮೂರು ಸಂಚಿಕೆಗಳ ದೃಶ್ಯಗಳು ಮನಸ್ಸಿನಲ್ಲಿ ಒಂದೇ ಕತೆಯಾಗಿ ಕೂಡಿಕೊಂಡಿರುವುದೇ ಹೆಚ್ಚು. ಕಾಗದದಿಂದ ಶುರು ಮಾಡಿ.

ಆ ಕಾಲದ ಮಾಮೂಲಿ ಸಂಚಿಕೆಗೆ ಒಳಗೆ 32 ಪುಟ, ಅಂದರೆ 16 ಹಾಳೆ. ಎಂಟು ದೊಡ್ಡ ಹಾಳೆಗಳನ್ನು ಮಡಚಿ ನಡುವೆ ಪಿನ್ ಹೊಡೆದಿರುತ್ತಾರೆ. ಹಾಗಾಗಿ ಮುಂದಿನಿಂದ 3ನೇ ಹಾಳೆಗೆ 14ನೆಯದು ಜೋಡಿ, 5ಕ್ಕೆ 12. ಎರಡೂ ಕೂಡಿದರೆ 17. ನಿಮ್ಮಲ್ಲಿ ಒಂದು ಹಾಳೆ ಹೋಗಿದೆ. ಯಾವ ಹಾಳೆಗೆ ಆಚೆ ಬದಿಯಲ್ಲಿ ಜೋಡಿ ಇಲ್ಲವೋ, ಅದು ಪಿನ್ನಿಗೆ ಸಡಿಲವಾಗಿ ನಿಂತಿರುತ್ತದೆ. ಅದನ್ನು ಹುಡುಕಿ (ಹಿಂದಿನ ಅರ್ಧದಲ್ಲಿದ್ದರೆ ಹೋದ ಹಾಳೆಯನ್ನೂ ಸೇರಿಸಿ ಎಣಿಸಿ), ಅದರ ಸಂಖ್ಯೆಯನ್ನು 17ರಿಂದ ಕಳೆದರೆ ಹೋದ ಜಾಗ ಗೊತ್ತಾಗುತ್ತದೆ.

ಹರಿದ ಕೆಳಅಂಚಿನಲ್ಲೇ ಪ್ರಕಾಶನ ವಿವರ ಇದ್ದದ್ದು: ಪತ್ರಿಕೆಯ ಹೆಸರು, ಸಂಖ್ಯೆ, ತಿಂಗಳು, ಬೆಲೆ. ಅಲ್ಲಿ ಉಳಿದ ಚೂರಿನಲ್ಲಿ "ಕೇಡೆನ್ಸ್ ಇಂಡಸ್ಟ್ರೀಸ್" (ಆಗ ಮಾರ್ವೆಲ್‌ನ ಒಡೆತನ ಹೊಂದಿದ್ದ ಕಂಪನಿ) ಎಂಬ ಹೆಸರಿನ ಅರ್ಧ ಕಂಡರೂ ಸಾಕು, 1970ರ ದಶಕದಿಂದ 80ರ ದಶಕದ ಮಧ್ಯದವರೆಗಿನದು ಎಂದು ತಿಳಿಯುತ್ತದೆ. ಜಾಹೀರಾತುಗಳ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ 1963ಕ್ಕಿಂತ ಹಿಂದಿನದಲ್ಲ. ನಿಮಗೆ ಅದು ಬೇಕಾಗಲಿಕ್ಕಿಲ್ಲ, ಯಾಕೆಂದರೆ ಆ ಕತ್ತರಿಸಿದ ಚೌಕವೇ ದೊಡ್ಡ ಸುಳಿವು. ಅದು ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್ ಆಗಿದ್ದಿರಬೇಕು, 1974ರಿಂದ 76ರವರೆಗೆ ಪತ್ರಗಳ ಪುಟದಲ್ಲಿ ಅಚ್ಚಾಗುತ್ತಿತ್ತು. ಮಕ್ಕಳು ಕತ್ತರಿಸಿ ಅಂಟಿಸಿಕೊಳ್ಳಲಿ ಎಂದೇ ಕೊಡುತ್ತಿದ್ದರು.

ಉತ್ತರ 2

ಮೇಲಿನದರ ಜೊತೆಗೆ ಮರುಮುದ್ರಣ ಅಲ್ಲವೇ ಎಂಬುದನ್ನೂ ನೋಡಬೇಕು. ಬಹಳ ಜನ ಎಡವುವುದು ಇಲ್ಲೇ. "ಮಾರ್ವೆಲ್ ಟೇಲ್ಸ್" ಪತ್ರಿಕೆ 1960ರ ದಶಕದಿಂದಲೇ ಹಳೆಯ ಸ್ಪೈಡರ್‌ಮ್ಯಾನ್ ಕತೆಗಳನ್ನು ಮತ್ತೆ ಅಚ್ಚು ಹಾಕುತ್ತಿತ್ತು. ಮೂಲ ಕತೆ 20 ಪುಟ ಇದ್ದರೆ, 70ರ ದಶಕದಲ್ಲಿ ಜಾಗ ಸಾಲದೆ ಒಂದೆರಡು ಪುಟ ಕಿತ್ತುಬಿಡುತ್ತಿದ್ದರು. ಕತೆ ಹಾರಿದ ಕಡೆ ಪುಟಸಂಖ್ಯೆ ನೋಡಿ. ಸಂಖ್ಯೆಯೂ ಹಾರಿದ್ದರೆ ಹಾಳೆ ಕಳೆದಿದೆ; ಸಂಖ್ಯೆ ಸರಿಯಾಗಿದ್ದು ಕತೆ ಮಾತ್ರ ಹಾರಿದ್ದರೆ ಮರುಮುದ್ರಣದ ಅನುಮಾನ ಬರಬೇಕು. ಆ ಸಂಖ್ಯೆ ಕತೆಯ ಪುಟಗಳಿಗೆ ಮಾತ್ರ, ಜಾಹೀರಾತು ಅದರ ಲೆಕ್ಕಕ್ಕಿಲ್ಲ.

ನಿಮ್ಮದರಲ್ಲಿ ಪತ್ರಗಳ ಪುಟ, ಸ್ಟ್ಯಾಂಪಿನ ಜಾಗ ಎರಡೂ ಇರುವುದರಿಂದ ಮೂಲ ಸಂಚಿಕೆಯೇ ಇರಬೇಕು ಅಂತ ನನ್ನ ಲೆಕ್ಕ. ಮರುಮುದ್ರಣಗಳಲ್ಲಿ ಪತ್ರಗಳ ಪುಟ ಅಪರೂಪ.

ಪ್ರಶ್ನೆ ಕೇಳಿದವರು

ನೋಡಿದೆ. ಹೋದದ್ದನ್ನೂ ಸೇರಿಸಿ ಎಣಿಸಿದರೆ ಸಡಿಲ ಇರುವುದು 12ನೇ ಹಾಳೆ. ಕತೆ ಹಾರಿದ ಕಡೆ ಪುಟಸಂಖ್ಯೆಯೂ ಹಾರಿದೆ. ಇನ್ನು ಸಂಖ್ಯೆ ಹೇಗೆ?

ಉತ್ತರ 3

ಹಾಗಾದರೆ ಹೋಗಿರುವುದು 5ನೆಯದು, ಕತೆ ಹಾರಿದ್ದೂ ಅದಕ್ಕೇ. ಈಗ ಎರಡು ಕಡೆಯಿಂದ ಬಿಗಿ ಮಾಡುತ್ತಾ ಬನ್ನಿ.

ಚಿತ್ರಗಳ ಮೂಲೆಯಲ್ಲಿ ನಕ್ಷತ್ರ ಗುರುತಿನ ಸಂಪಾದಕರ ಟಿಪ್ಪಣಿ ಹುಡುಕಿ, "ಇದು ಇಂಥ ಸಂಚಿಕೆಯಲ್ಲಿ ನಡೆದದ್ದು" ಅಂತ ಇರುತ್ತದೆ. ಅಲ್ಲಿ "ಅಮೇಜಿಂಗ್ ಸ್ಪೈಡರ್‌ಮ್ಯಾನ್" 129 ಎಂದಿದ್ದರೆ ನಿಮ್ಮ ಸಂಚಿಕೆ ಅದಕ್ಕಿಂತ ಈಚಿನದು (ಪನಿಷರ್ ಎಂಬ ಪಾತ್ರ ಮೊದಲು ಬಂದದ್ದು ಆ 129ರಲ್ಲೇ, ಫೆಬ್ರವರಿ 1974ರ ಸಂಚಿಕೆ). ಓದುಗರ ಪತ್ರಗಳು ಸಾಮಾನ್ಯವಾಗಿ ಮೂರರಿಂದ ಐದು ಸಂಚಿಕೆ ಹಿಂದಿನ ಕತೆಯ ಬಗ್ಗೆ ಇರುತ್ತವೆ. ಪತ್ರದಲ್ಲಿ 131ರ ಮಾತಿದ್ದರೆ 134ರಿಂದ 136ರವರೆಗೆ ಹುಡುಕಿದರೆ ಸಾಕು. ಅಂಚೆ ಕಾನೂನಿನ ಪ್ರಕಾರ ವರ್ಷಕ್ಕೊಮ್ಮೆ ಹಾಕಬೇಕಿದ್ದ ಮಾಲೀಕತ್ವದ ಹೇಳಿಕೆ ಕಣ್ಣಿಗೆ ಬಿದ್ದರೆ ಅದೃಷ್ಟ, ಅದರಲ್ಲಿ ಸಲ್ಲಿಸಿದ ದಿನಾಂಕವೇ ಇರುತ್ತದೆ.

ಆಮೇಲೆ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ (ಕಾಮಿಕ್ಸ್ ಸಂಚಿಕೆಗಳ ವಿವರ ಇರುವ ಜಾಲತಾಣ) ತೆರೆದು, ಉಳಿದ ಮೂರು ನಾಲ್ಕು ಸಂಚಿಕೆಗಳ ಕತೆಯ ಶೀರ್ಷಿಕೆ, ಬರೆದವರು, ಚಿತ್ರಕಾರರ ಹೆಸರನ್ನು ನಿಮ್ಮ ಮೊದಲ ಪುಟದೊಂದಿಗೆ ಹೋಲಿಸಿ. ಮುಖಪುಟದ ಚಿತ್ರ ನೋಡಿ ತೀರ್ಮಾನಿಸಬೇಡಿ. ಅಲ್ಲಿಯ ದೃಶ್ಯ ಒಳಗೆ ಇರಲೇಬೇಕೆಂದಿಲ್ಲ. "ಬೇಸಿಗೆ ರಜೆಯಲ್ಲಿ ಓದಿದ್ದು" ಎಂಬಂಥ ನೆನಪಿದ್ದರೆ ತಿಂಗಳು ಮುಂದಕ್ಕೆ ಹಾಕಿಕೊಳ್ಳಿ, ಸಂಚಿಕೆಯ ಮೇಲೆ ನಮೂದಿಸಿದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂಚೆಯೇ ಸಂಚಿಕೆ ಮಾರಾಟಕ್ಕೆ ಬರುತ್ತಿತ್ತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯ ಮೇಲೆ ಜೂನ್ 1938 ಎಂದಿದೆ, ಅಂಗಡಿಗೆ ಬಂದದ್ದು ಏಪ್ರಿಲ್‌ನಲ್ಲಿ.

ಇಷ್ಟೆಲ್ಲ ಮಾಡುವಾಗ ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗಿ ಬಿಡಿಸಬೇಡಿ. ಮುಖಪುಟ ಇಲ್ಲದ್ದರಿಂದ ಪಿನ್ನಿನ ಎಳೆತವೆಲ್ಲ ಮೊದಲ ಹಾಳೆಯ ಮೇಲೆಯೇ ಬೀಳುತ್ತದೆ. 12ನೇ ಹಾಳೆಗೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ: ಅಂಟು ಕಾಗದದೊಳಗೆ ಇಳಿದು ಕಂದುಗಟ್ಟುತ್ತದೆ, ಆಮೇಲೆ ತೆಗೆಯಲು ಹೋದರೆ ಶಾಯಿಯೂ ಬರುತ್ತದೆ. ಅದನ್ನು ಅದರ ಜಾಗದಲ್ಲೇ ಇಟ್ಟು, ಆಮ್ಲರಹಿತ ರಟ್ಟಿನ ಜೊತೆ ಪಾಲಿಯೆಸ್ಟರ್ ಚೀಲಕ್ಕೆ ಹಾಕಿ. ಚೀಲ ಈಗಿನ ಅಳತೆಯದ್ದಾದರೆ ಬಿಗಿಯಾಗಿ ಅಂಚು ಮಡಚುತ್ತದೆ. ಹಳೆಯ ಸಂಚಿಕೆ ಸ್ವಲ್ಪ ಅಗಲ, ಸುಮಾರು ಏಳೂಕಾಲು ಇಂಚು ಅಗಲದ್ದು ತೆಗೆದುಕೊಳ್ಳಿ.