ಮನೆಯ ರೆಕಾರ್ಡಿಂಗ್‌ನಲ್ಲಿ ನಾಲ್ಕೇ ಜನರಿಂದ ಗುಂಪಿನ ಧ್ವನಿ ತರುವುದು ಹೇಗೆ?

ಬದಿಯಡ್ಕದ ಹಾಡುಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ. ಅಡಿಕೆ ಗೋಣಿ ಇಡುವ ಕೋಣೆಯಲ್ಲೇ ಒಂದು ಕಂಡೆನ್ಸರ್ ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಇಂಟರ್‌ಫೇಸ್, ಹಳೆಯ ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುತ್ತೇನೆ. ಸುತ್ತ ಗೋಣಿಗಳಿರುವುದರಿಂದ ಗೋಡೆಯ ಪ್ರತಿಧ್ವನಿ ಕಡಿಮೆ.

ಈಗ ನಾಟಿಯ ಬಗ್ಗೆ ನಾನೇ ಬರೆದ ಒಂದು ಹಾಡು ಮಾಡುತ್ತಿದ್ದೇನೆ. ಮೋಹನ ರಾಗ, ಶ್ರುತಿ ಕಪ್ಪು ಒಂದು. ಒಬ್ಬ ಹೇಳುವುದು, ಉಳಿದವರು "ಬಂತು ಬಂತು ನೀರು ಬಯಲಿಗೆ" ಅಂತ ಒಟ್ಟಿಗೆ ಸೇರುವುದು. ಚಿಕ್ಕವನಿದ್ದಾಗ ಗದ್ದೆಯಲ್ಲಿ ಹೆಂಗಸರು ಪಾಡ್ದನ (ತುಳು ಜನಪದ ಹಾಡು) ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಒಬ್ಬಾಕೆ ಎತ್ತಿಕೊಡುತ್ತಿದ್ದಳು, ಸಾಲಾಗಿ ಬಗ್ಗಿ ನೇಜಿ (ಭತ್ತದ ಸಸಿ) ನೆಡುತ್ತಿದ್ದವರೆಲ್ಲ ಅದನ್ನೇ ತಿರುಗಿ ಹೇಳುತ್ತಿದ್ದರು, ಕೆಲವರು ಹತ್ತಿರ, ಕೆಲವರು ಆಚೆ ಹುಣಿಯ (ಗದ್ದೆಯ ಬದುವಿನ) ಹತ್ತಿರ, ಒಬ್ಬರ ಸ್ವರ ಮುಗಿಯುವ ಮೊದಲೇ ಇನ್ನೊಬ್ಬರದ್ದು ಬಂದು ಸೇರುತ್ತಿತ್ತು. ಆ ಗದ್ದೆ ಈಗ ಅಡಿಕೆ ತೋಟ. ನನಗೆ ಬೇಕಾದದ್ದು ಆ ಧ್ವನಿ.

ನಾನು ಮಾಡಿದ್ದು ಇಷ್ಟು. ನನ್ನ ಧ್ವನಿಯನ್ನೇ 16 ಕಾಪಿ ಮಾಡಿ, ಎಡ ಬಲ ಹಂಚಿ, ಕೆಲವನ್ನು ಸ್ವಲ್ಪ ಸ್ವಲ್ಪ ಮುಂದೆ ಸರಿಸಿದೆ. ರೋಬೋಟ್ ಹಾಡಿದ ಹಾಗೆ ಕೇಳುತ್ತದೆ. ಆಮೇಲೆ ತಾನೇ ಹಾರ್ಮನಿ (ಜೊತೆಗೆ ಬೇರೆ ಸ್ವರದಲ್ಲಿ ಹಾಡುವ ಧ್ವನಿ) ಹಾಕಿಕೊಡುವ ಪ್ಲಗಿನ್, ಅಂದರೆ ರೀಪರಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್, ಹಾಕಿ ನೋಡಿದೆ, ಆಗ ಹಾಡು ಮೋಹನವಾಗಿಯೇ ಉಳಿಯಲಿಲ್ಲ. ಪೇಟೆಯ ಒಂದು ಸ್ಟುಡಿಯೋದಲ್ಲಿ ಕೊಟ್ಟರೆ ತುಂಬಾ ರಿವರ್ಬ್ (ಕೃತಕ ಪ್ರತಿಧ್ವನಿ) ಸುರಿದು ಕೊಟ್ಟರು, ಬಾವಿಯೊಳಗಿಂದ ಒಬ್ಬನೇ ಕೂಗಿದ ಹಾಗಾಯಿತು.

ಭಾನುವಾರ ಇಬ್ಬರು ಗೆಳೆಯರು ಬರುತ್ತಾರೆ, ಅಮ್ಮನೂ ಹಾಡುತ್ತಾರೆ. ಒಟ್ಟು ನಾಲ್ಕು ಜನ, ಒಂದೇ ಮೈಕ್. ಎದುರಿನ ಚಾವಣಿಗೆ ತಗಡಿನ ಶೀಟು, ಮಳೆ ಬಂದರೆ ಕೆಲಸ ನಿಂತಿತು. ಇಷ್ಟರಲ್ಲಿ ಆಗುವುದುಂಟಾ?

ಕುಂಬಳೆಯ ಕಿವಿ

ಖಂಡಿತ ಆಗುತ್ತದೆ. ಮೊದಲು ಆ 16 ಕಾಪಿಗಳನ್ನು ಅಳಿಸಿಬಿಡಿ.

ಒಂದೇ ರೆಕಾರ್ಡಿಂಗನ್ನು ಇನ್ನೊಂದು ಟ್ರ್ಯಾಕಿಗೆ ಹಾಕಿದರೆ ಸದ್ದು 6 ಡೆಸಿಬೆಲ್ ಏರುತ್ತದೆ, ಅಷ್ಟೇ, ಜನ ಹೆಚ್ಚಾಗುವುದಿಲ್ಲ. ಬೇರೆ ಬೇರೆಯಾಗಿ ಹಾಡಿದ ಎರಡು ಧ್ವನಿ ಸೇರಿದರೆ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ, ಆದರೆ ಇಲ್ಲಿ ಇಬ್ಬರಿದ್ದಾರೆ ಅಂತ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಕಾಪಿಯನ್ನು 10-20 ಮಿಲಿಸೆಕೆಂಡ್ ಸರಿಸಿದರೂ ಕಿವಿ ಅದನ್ನು ಬೇರೆಯವರು ಅಂತ ಒಪ್ಪುವುದಿಲ್ಲ, ಒಂದೇ ಧ್ವನಿ ಅಂತ ಸೇರಿಸಿಕೊಳ್ಳುತ್ತದೆ. ಹೆಡ್‌ಫೋನಿನಲ್ಲಿ ಅಗಲವಾಗಿ ಕೇಳಿ ಖುಷಿಯಾಗುತ್ತದೆ. ಅದನ್ನೇ ಫೋನಿನ ಸ್ಪೀಕರಿನಲ್ಲಿ ಹಾಕಿ, ಎಡ ಬಲ ಸೇರಿದ ಕೂಡಲೇ ಧ್ವನಿಯ ಕೆಲವು ಭಾಗ ಒಂದನ್ನೊಂದು ತಿಂದು ಹಾಕುತ್ತವೆ, ಪೈಪಿನೊಳಗಿಂದ ಬಂದ ಹಾಗೆ ಕೇಳುತ್ತದೆ. ನಿಮ್ಮ ರೋಬೋಟ್ ಹುಟ್ಟಿದ್ದು ಅಲ್ಲಿ. ಊರಲ್ಲಿ ಹಾಡು ಕೇಳುವವರು ಜಾಸ್ತಿ ಫೋನಿನಲ್ಲೇ ಅಲ್ವಾ, ಅದಕ್ಕೆ ಮಿಕ್ಸ್ ಮಾಡುವಾಗ ಆಗಾಗ ಎಡ ಬಲ ಒಂದಾಗಿಸುವ ಮೋನೋ ಗುಂಡಿ ಒತ್ತಿ ನೋಡಿ.

1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಕೆನ್ ಟೌನ್ಸೆಂಡ್ ಅನ್ನುವ ಎಂಜಿನಿಯರ್, ಬೀಟಲ್ಸ್‌ನವರಿಗೆ ಹಾಡಿದ್ದನ್ನೇ ಮತ್ತೆ ಹಾಡುವ ಕಷ್ಟ ತಪ್ಪಿಸಲು ಟೇಪಿನಲ್ಲಿ ಎರಡನೇ ಧ್ವನಿ ಹುಟ್ಟಿಸುವ ಉಪಾಯ ಕಂಡುಹಿಡಿದರು. ಅಲ್ಲೂ ಎರಡನೇ ಟೇಪಿನ ವೇಗವನ್ನು ಚೂರು ಚೂರು ಏರಿಳಿಸುತ್ತಿದ್ದರು. ಅಷ್ಟೆಲ್ಲ ಮಾಡಿದರೂ ಒಬ್ಬನ ಧ್ವನಿ ದಪ್ಪವಾಗುತ್ತದೆ, ಗುಂಪು ಆಗುವುದಿಲ್ಲ. ಇಂಗ್ಲೆಂಡಿನ ಕ್ವೀನ್ ಅನ್ನುವ ರಾಕ್ ತಂಡದವರು 1970ರ ದಶಕದಲ್ಲಿ ದೊಡ್ಡ ಮೇಳದಂತೆ ಕೇಳುವ ಕೋರಸ್ ಕಟ್ಟಿದ್ದು ಮೂರೇ ಜನರಿಂದ, ಆದರೆ ಒಂದೊಂದು ಸಾಲನ್ನೂ ಮೂವರೂ ಮತ್ತೆ ಮತ್ತೆ ನಿಜವಾಗಿ ಹಾಡಿ.

ನಿಮಗೆ ನಾಲ್ಕು ಜನ ಇದ್ದಾರೆ. ಆರು ಸಲ ಹಾಡಿದರೆ 24 ಧ್ವನಿ. ಆದರೆ ಆರೂ ಸಲ ಮೈಕಿನ ಎದುರು ಒಂದೇ ಜಾಗದಲ್ಲಿ ನಿಲ್ಲಬೇಡಿ. ಮೊದಲ ಟೇಕ್ ಒಂದು ಮಾರು ದೂರದಿಂದ. ಎರಡನೆಯದಕ್ಕೆ ಎರಡು ಹೆಜ್ಜೆ ಹಿಂದೆ ಹೋಗಿ, ಜಾಗ ಅದಲು ಬದಲು ಮಾಡಿಕೊಳ್ಳಿ. ಮೂರನೆಯದರಲ್ಲಿ ಇಬ್ಬರು ಗೋಡೆಗೆ ಮುಖ ಮಾಡಲಿ. ಒಂದು ಟೇಕಿನಲ್ಲಿ ಸ್ವಲ್ಪ ಮೂಗಿನಲ್ಲಿ ಹಾಡಿ, ಒಂದರಲ್ಲಿ ಎದೆಯಿಂದ, ಒಂದರಲ್ಲಿ ಸುಸ್ತಾದವರ ಹಾಗೆ. ಕೊನೆಯದನ್ನು ಬಾಗಿಲು ತೆರೆದಿಟ್ಟು ಚಾವಡಿಯಲ್ಲಿ ನಿಂತು ಹಾಡಿ. ನೀವು ಹೇಳಿದ ಆ ಆಚೆ ಹುಣಿ ಸಿಗುವುದು ಆ ಟೇಕಿನಲ್ಲಿ, ರಿವರ್ಬಿನಲ್ಲಿ ಅಲ್ಲ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ತಪ್ಪು ಮಾಡುತ್ತಾರೆ. ಹಾಡುವವರ ಹೆಡ್‌ಫೋನಿಗೆ ಮೊದಲು ತೆಗೆದ ಕೋರಸ್ ಕೊಡಬೇಡಿ. ನಿಮ್ಮ ಮುಖ್ಯ ಧ್ವನಿ ಮತ್ತು ತಾಳ ಮಾತ್ರ ಇರಲಿ, ಒಂದು ಕಿವಿ ತೆರೆದಿರಲಿ. ಮೊದಲಿನ ಟೇಕ್ ಕೇಳಿಸಿದರೆ ಅದನ್ನೇ ಅನುಕರಿಸುತ್ತಾರೆ, ಆಗ ಪುನಃ ಕಾಪಿಯೇ.

ಶ್ರುತಿಪೆಟ್ಟಿಗೆ, ಮಂಜೇಶ್ವರ

ಮೇಲಿನವರು ಹೇಳಿದ್ದು ಸರಿ. ನಾನು ಹಾರ್ಮನಿ ಬಗ್ಗೆ ಮಾತ್ರ ಹೇಳುತ್ತೇನೆ.

ಪ್ಲಗಿನ್‌ಗೆ ನೀವು ಪಾಶ್ಚಾತ್ಯರ ಮೇಜರ್ ಸ್ಕೇಲ್ ಕೊಟ್ಟಿರಬೇಕು. ಅದು ಏಳು ಸ್ವರ ಇಟ್ಟುಕೊಂಡು, ನೀವು ಹಾಡಿದ ಸ್ವರದಿಂದ ಎಣಿಸಿ ಮೂರನೆಯದನ್ನು ಹಾಕುತ್ತದೆ. ಹಾಗಾಗಿ ನೀವು ರಿಷಭ ಹಾಡಿದಾಗ ಮಧ್ಯಮ ಬರುತ್ತದೆ, ಪಂಚಮ ಹಾಡಿದಾಗ ನಿಷಾದ ಬರುತ್ತದೆ. ಮೋಹನದಲ್ಲಿ ಇಲ್ಲದ್ದೇ ಈ ಎರಡು ಸ್ವರ. ರಾಗ ಹೋಯಿತು ಅಂತ ನಿಮಗೆ ಅನ್ನಿಸಿದ್ದು ಅದಕ್ಕೇ.

ರಾಗದೊಳಗಿನ ಐದು ಸ್ವರಗಳಲ್ಲೇ ಒಂದು ಬಿಟ್ಟು ಒಂದು ತೆಗೆದುಕೊಳ್ಳಿ. ಸ ಹಾಡುವಾಗ ಮೇಲೆ ಗ, ರಿ ಹಾಡುವಾಗ ಪ, ಗ ಹಾಡುವಾಗ ದ, ಪ ಹಾಡುವಾಗ ಮೇಲಿನ ಸ, ದ ಹಾಡುವಾಗ ಮೇಲಿನ ರಿ. ಎಲ್ಲೂ ಹೊರಗಿನ ಸ್ವರ ಬರುವುದಿಲ್ಲ. ಇದನ್ನು ಕೈಯಿಂದ ಬರೆದುಕೊಂಡು ಒಬ್ಬರು ಹಾಡಲಿ, ಗಮಕ ಇಲ್ಲದೆ ನೇರವಾಗಿ. ಎರಡು ಧ್ವನಿಯೂ ಬೇರೆ ಬೇರೆ ಕಡೆ ಸ್ವರ ಆಡಿಸಿದರೆ ಶ್ರುತಿ ತಪ್ಪಿದ ಹಾಗೆ ಕೇಳುತ್ತದೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ ನಿಮ್ಮ ಹಾಡಿಗೆ ಹಾರ್ಮನಿ ಜಾಸ್ತಿ ಬೇಡ. ಪಾಡ್ದನದಲ್ಲಿ, ಭಜನಾ ಮಂದಿರದಲ್ಲಿ ಎಲ್ಲರೂ ಹಾಡುವುದು ಒಂದೇ ಸ್ವರ. ಗಂಡಸರು ಕೆಳಗೆ, ಹೆಂಗಸರು, ಮಕ್ಕಳು ಒಂದು ಸ್ಥಾಯಿ ಮೇಲೆ. ಆ ತುಂಬಿದ ಧ್ವನಿ ಬರುವುದು ಸ್ಥಾಯಿಯಿಂದ ಮತ್ತು ಒಬ್ಬೊಬ್ಬರ ಕಂಠದ ವ್ಯತ್ಯಾಸದಿಂದ. ಅಮ್ಮ ಮೇಲೆ ಹಾಡಲಿ, ನೀವು ಕೆಳಗೆ ಹಾಡಿ. ಹಾರ್ಮನಿಯನ್ನು ಕೊನೆಯ ಸಲದ "ಬಯಲಿಗೆ" ಅನ್ನುವಲ್ಲಿ ಮಾತ್ರ ಇಡಿ.

ಬದಿಯಡ್ಕದ ಹಾಡುಗಾರ

ತುಂಬಾ ಉಪಕಾರ ಇಬ್ಬರಿಗೂ. ಒಂದು ಪ್ರಯೋಗ ಮಾಡಿದೆ, ನಾನೊಬ್ಬನೇ ಐದು ಸಲ ಬೇರೆ ಬೇರೆ ಜಾಗದಲ್ಲಿ ನಿಂತು. ರೋಬೋಟ್ ಹೋಯಿತು! ಆದರೆ "ಬಂತು" ಅನ್ನುವಾಗ ಬ-ಬ-ಬ-ಬ ಅಂತ ಚೆಲ್ಲಿದ ಹಾಗೆ ಕೇಳುತ್ತದೆ. ಮತ್ತೆ, ಬರುವ ಗೆಳೆಯರಲ್ಲಿ ಒಬ್ಬನ ಮನೆಮಾತು ಮಲಯಾಳ, ಇನ್ನೊಬ್ಬನದ್ದು ತುಳು. ಉಚ್ಚಾರ ಒಂದೇ ಆಗಬೇಕಾ?

ಮುಳ್ಳೇರಿಯದ ಮಿಕ್ಸಿಂಗ್

ಕನ್ನಡ ಹಾಡಿಗೆ ಇದೊಂದು ವಿಶೇಷ. ಇಂಗ್ಲಿಷಿನವರಿಗೆ ಶಬ್ದದ ಕೊನೆಯ ಸ್, ಟ್ ತಲೆನೋವು. ನಮ್ಮ ಶಬ್ದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಕೊನೆ ಸ್ವಲ್ಪ ಹಿಂದೆ ಮುಂದೆ ಆದರೂ ಚಂದ. ತೊಂದರೆ ಇರುವುದು ಆರಂಭದ ಬ, ಪ, ಚ, ಕದಲ್ಲಿ. ಸ್ಪಷ್ಟವಾಗಿ ಹೇಳುವ ಇಬ್ಬರಿಗೆ ಮಾತ್ರ "ಬಂತು" ಇರಲಿ. ಉಳಿದ ಟೇಕುಗಳಲ್ಲಿ ಆ ಬ ಕತ್ತರಿಸಿ ಸದ್ದು ಮೆಲ್ಲಗೆ ಏರುವ ಹಾಗೆ ಸಣ್ಣ ಫೇಡ್ ಕೊಡಿ, ಇಲ್ಲವೇ ಅವರಿಗೆ "ಅಂತು ಅಂತು" ಅಂತಲೇ ಹಾಡಲು ಹೇಳಿ. ಕೇಳುವವರಿಗೆ ಎಲ್ಲರೂ "ಬಂತು" ಅಂದ ಹಾಗೆಯೇ ಕೇಳುತ್ತದೆ. ಬೇರೆ ಎಲ್ಲೂ ಎಳೆದು ಸರಿಸಲು ಹೋಗಬೇಡಿ.

ಉಚ್ಚಾರ ತಿದ್ದಬೇಡಿ. ಸಪ್ತಭಾಷೆಯ ಊರು ನಮ್ಮ ಕಾಸರಗೋಡು, ಇಲ್ಲಿನ ಗದ್ದೆಯಲ್ಲಿ ಒಟ್ಟಿಗೆ ಹಾಡಿದವರ ಬಾಯಿ ಯಾವತ್ತೂ ಒಂದೇ ಇರಲಿಲ್ಲ. ಅವರವರ ಅಕಾರ, ಎಕಾರ ಬೇರೆ ಬೇರೆ ಇದ್ದಷ್ಟು ಗುಂಪು ದೊಡ್ಡದಾಗಿ ಕೇಳುತ್ತದೆ.

ಮಿಕ್ಸಿಗೆ: ಕೋರಸ್ಸನ್ನೆಲ್ಲ ಒಂದು ಬಸ್ಸಿಗೆ (ಹಲವು ಟ್ರ್ಯಾಕ್ ಒಟ್ಟು ಸೇರುವ ಚಾನೆಲ್ಲಿಗೆ) ಕಳಿಸಿ, 150 ಹರ್ಟ್ಸ್‌ನ ಕೆಳಗಿನದನ್ನು ತೆಗೆಯಿರಿ. 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬೆಲ್ ಇಳಿಸಿದರೆ ನಿಮ್ಮ ಮುಖ್ಯ ಧ್ವನಿ ಮುಂದೆ ನಿಲ್ಲುತ್ತದೆ. ಒಬ್ಬನೇ ಹಾಡಿದ ಎರಡು ಟೇಕುಗಳನ್ನು ಅಕ್ಕಪಕ್ಕ ಇಡಬೇಡಿ, ಒಂದು ಎಡ, ಒಂದು ಬಲ.

ಬದಿಯಡ್ಕದ ಹಾಡುಗಾರ

ಭಾನುವಾರ ಆಯಿತು. ಮಧ್ಯಾಹ್ನ ಮಳೆ ಒಂದು ಗಂಟೆ ಬಿಟ್ಟಿತ್ತು, ಅಷ್ಟರಲ್ಲಿ ಐದು ಟೇಕ್ ಮುಗಿಸಿದೆವು. ಆರನೆಯದಕ್ಕೆ ಅಮ್ಮ ಚಾವಡಿಯಲ್ಲಿ ನಿಂತಿದ್ದಾಗ ಪುನಃ ಹನಿ ಶುರುವಾಯಿತು, ತಗಡಿನ ಸದ್ದು ಅವರ ಧ್ವನಿಯ ಜೊತೆಗೇ ಬಂದಿದೆ. ಅಳಿಸಬೇಕು ಅಂತಿದ್ದೆ. ಕೋರಸ್ಸಿನ ಒಟ್ಟಿಗೆ ಸಣ್ಣದಾಗಿ ಹಾಕಿ ಕೇಳಿದ ಮೇಲೆ ಮನಸ್ಸು ಬರಲಿಲ್ಲ, ಬಾಕಿ ಇಪ್ಪತ್ತು ಧ್ವನಿಗಳ ಹಿಂದೆ ಅದೊಂದೇ ನಿಜವಾಗಿ ದೂರದಿಂದ ಬರುತ್ತದೆ. ಇಟ್ಟುಕೊಂಡಿದ್ದೇನೆ. "ಅಂತು ಅಂತು" ಉಪಾಯವೂ ಸರಿಯಾಗಿ ಕೂತಿತು. ಇನ್ನು ಕೊನೆಯ "ಬಯಲಿಗೆ"ಯ ಮೇಲಿನ ಸ್ವರ ಮಾತ್ರ ಬಾಕಿ, ಅದನ್ನು ನಾಳೆ ಬೆಳಿಗ್ಗೆ ಕರೆಂಟ್ ಇದ್ದರೆ ಹಾಡುತ್ತೇನೆ.