ಫಿಲ್ಮ್ ಕ್ಯಾಮೆರಾದಲ್ಲಿ ಲ್ಯಾಗ್ ಇರ್ಲಿಲ್ವಾ? ಮನೆ ಗ್ರೂಪಲ್ಲಿ ವಾದ

ದೊಡ್ಡಪ್ಪ: (ಫಾರ್ವರ್ಡ್) ಫಿಲ್ಮ್ ಕ್ಯಾಮೆರಾದಲ್ಲಿ ಶಟರ್ ಲ್ಯಾಗ್ (ಬಟನ್ ಒತ್ತಿದ್ಮೇಲೆ ಫೋಟೋ ಬೀಳೋವರೆಗಿನ ತಡ) ಅನ್ನೋದೇ ಇರ್ಲಿಲ್ಲ, ಒತ್ತಿದ ಕ್ಷಣಕ್ಕೇ ಫೋಟೋ! ಎಲ್ರೂ ನೋಡಿ

ಪುಟ್ಟಿ: ದೊಡ್ಡಪ್ಪ ಇದು ತಪ್ಪು. ನಿಮ್ಮ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಎಂ2ನಲ್ಲೇ ಒತ್ತಿದ್ಮೇಲೆ, ವ್ಯೂಫೈಂಡರ್‌ಗೆ (ಕಣ್ಣಿಟ್ಟು ನೋಡೋ ಕಿಂಡಿಗೆ) ಬೆಳಕು ಕಳ್ಸೋ ಕನ್ನಡಿ ಮೇಲೇಳ್ಬೇಕು, ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತು) ನಾವಿಟ್ಟಷ್ಟಕ್ಕೆ ಚಿಕ್ಕದಾಗ್ಬೇಕು, ಆಮೇಲೆ ತಾನೆ ಶಟರ್ ತೆರೆಯೋದು

ದೊಡ್ಡಪ್ಪ: ಅಷ್ಟು ಹೊತ್ತು ಯಾರಿಗಮ್ಮ ಗೊತ್ತಾಗುತ್ತೆ, ಇಪ್ಪತ್ತು ವರ್ಷ ಮದುವೆ ಫೋಟೋ ತೆಗ್ದಿದೀನಿ

ಚಿಕ್ಕಪ್ಪ: ಅಣ್ಣ, ಫ್ಲ್ಯಾಶ್ ಹೊಡೆದಿದ್ದು ವ್ಯೂಫೈಂಡರಲ್ಲಿ ಕಂಡ್ರೆ ಆ ಫೋಟೋ ಹೋಯ್ತು ಅನ್ಕೋ ಅಂತ ನೀನೇ ನಂಗೆ ಹೇಳ್ಕೊಟ್ಟಿದ್ದು. ಫಿಲ್ಮ್ ಮೇಲೆ ಬೆಳಕು ಬೀಳೋ ಹೊತ್ತಲ್ಲಿ ಕನ್ನಡಿ ಮೇಲಿರುತ್ತೆ, ನಮ್ಮ ಕಣ್ಣಿಗೆ ಬರೀ ಕತ್ತಲೆ

ಪುಟ್ಟಿ: ಅದಕ್ಕೇ ಅಲ್ವಾ ಕ್ಯಾನನ್‌ನವ್ರು 1989ರಲ್ಲಿ ಇಒಎಸ್ ಆರ್‌ಟಿ ಅನ್ನೋ ಫಿಲ್ಮ್ ಕ್ಯಾಮೆರಾ ಮಾಡಿದ್ದು. ಕನ್ನಡಿ ಅಲ್ಲಾಡೋದೇ ಇಲ್ಲ, ಅದರ ಮೂಲಕವೇ ಬೆಳಕು ಹಾದುಹೋಗುತ್ತೆ, ಲ್ಯಾಗ್ 8 ಮಿಲಿಸೆಕೆಂಡ್. 1995ರ ಇಒಎಸ್-1ಎನ್ ಆರ್‌ಎಸ್‌ನಲ್ಲಿ 6 ಮಿಲಿಸೆಕೆಂಡ್. ಲ್ಯಾಗ್ ಇಲ್ದೇ ಇದ್ದಿದ್ರೆ ಸುಮಾರು ಮೂರನೇ ಒಂದು ಭಾಗ ಬೆಳಕು ಕಳ್ಕೊಂಡು ಯಾಕೆ ಇಷ್ಟು ಪಾಡು ಪಡ್ತಿದ್ರು?

ದೊಡ್ಡಪ್ಪ: ಸರಿ ಲ್ಯಾಗ್ ಇತ್ತು, ಒಪ್ಕೊಂಡೆ. ಆದ್ರೆ ನಾನು ಹೇಳೋದು ಕೇಳು, ಎಫ್‌ಎಂ2 ತಡ ಮಾಡಿದ್ರೂ ಪ್ರತಿ ಸಲ ಅಷ್ಟೇ ತಡ ಮಾಡ್ತಿತ್ತು. ಗಟ್ಟಿಮೇಳ ಶುರುವಾದ ಕೂಡ್ಲೇ ಫಿಲ್ಮ್ ಮುಂದೂಡೋ ಲಿವರ್ ಎಳ್ಕೊಂಡು ರೆಡಿ ಇರ್ತಿದ್ದೆ, ಜನ ಕೈ ಎತ್ತಿದಾಗ್ಲೇ ಒತ್ತಿದ್ರೆ ಅಕ್ಷತೆ ಗಾಳೀಲಿರೋವಾಗ ಸಿಗ್ತಿತ್ತು, ಅಕ್ಷತೆ ನೋಡಿ ಒತ್ತಿದ್ರೆ ಅಷ್ಟೊತ್ತಿಗೆ ಹುಡುಗಿ ತಲೆ ಮೇಲೆ ಬಿದ್ದಿರ್ತಿತ್ತು. ಬೆರಳಿಗೆ ಆ ಲೆಕ್ಕ ಕೂತುಬಿಟ್ಟಿತ್ತು. ಆಮೇಲೆ ಬಂದ ಪುಟ್ಟ ಡಿಜಿಟಲ್ ಕ್ಯಾಮೆರಾ ಒಂದ್ಸಲ ಬೇಗ ಒಂದ್ಸಲ ನಿಧಾನ, ಫೋಕಸ್ ಹುಡುಕ್ತಾ ಕೂತ್ಕೊಳ್ಳೋದು, ಅದಕ್ಕೆ ಬೆರಳು ಹೇಗಮ್ಮ ಹೊಂದ್ಕೋಬೇಕು?

ಪುಟ್ಟಿ: ಇದು ನಿಜ ದೊಡ್ಡಪ್ಪ. ಆದ್ರೆ ಫಾರ್ವರ್ಡಲ್ಲಿ ಇದನ್ನ ಹೇಳಿಲ್ವಲ್ಲ

ಚಿಕ್ಕಪ್ಪ: ನುಣುಪು ಅಂದ್ರೆ ಮಾತ್ರ ಸ್ಟುಡಿಯೋದಲ್ಲಿದ್ದ ಯಾಶಿಕಾ ಮ್ಯಾಟ್-124ಜಿ. ಕನ್ನಡಿ ಏಳೋ ಹಾಗೇ ಇಲ್ಲ, ಶಟರ್ ಲೆನ್ಸಲ್ಲೇ, ಟಿಕ್ ಅಂತ ಸಣ್ಣ ಸದ್ದು ಅಷ್ಟೇ, ಹೊಟ್ಟೆಗೆ ಒತ್ತಿ ಹಿಡ್ಕೊಂಡ್ರೆ ಶಟರ್ 1/15 ಸೆಕೆಂಡ್ ತೆರೆದಿದ್ರೂ ಫೋಟೋ ಅಲ್ಲಾಡ್ತಿರ್ಲಿಲ್ಲ. ಎಫ್‌ಎಂ2 ಫಟ್ ಅಂತ ಹೊಡೀತಿತ್ತು, ಕೈಗೇ ಗೊತ್ತಾಗೋದು

ದೊಡ್ಡಪ್ಪ: ಅದಕ್ಕೇ ಸ್ಟ್ಯಾಂಡ್ ಮೇಲಿಟ್ಟು ಸೆಲ್ಫ್ ಟೈಮರ್ ಹಾಕ್ತಿದ್ದೆ, ಕನ್ನಡಿ ಮೊದ್ಲೇ ಎದ್ದುಬಿಡೋದು, ಶಟರ್ ಬಿಡೋ ಹೊತ್ತಿಗೆ ಅಲುಗಾಟ ನಿಂತಿರೋದು

ಪುಟ್ಟಿ: ಭಾನುವಾರ ಬರ್ತೀನಿ, ಎಫ್‌ಎಂ2 ತೆಗ್ದಿಡಿ

ದೊಡ್ಡಪ್ಪ: ಬಾ. ಕನ್ನಡಿ ತಾಗೋ ಕಡೆ ಇರೋ ಸ್ಪಂಜು ಅಂಟಂಟಾಗಿದೆ, ಕನ್ನಡಿ ಅದಕ್ಕೇ ಅಂಟ್ಕೊಳ್ತಿದೆ, ರಿಪೇರಿಯವ್ನ ಹತ್ರ ಹೋಗ್ಬೇಕು