ಬೀಗರ ಮನೆ ಕಾಫಿಯೂ ಕೃಪೆಯ ಲೆಕ್ಕವೂ

ಪ್ರಶ್ನೆ (ಹಾಸನ): ಮೇಷ್ಟ್ರೇ, ನಮ್ಮದು ಕ್ಯಾಥೊಲಿಕ್ ಮನೆ. ಮಗನಿಗೆ ಸಿಎಸ್‌ಐ ಹುಡುಗಿ ಗೊತ್ತಾಗಿದೆ. ಅವರು ಪ್ರೊಟೆಸ್ಟಂಟರು, ದಕ್ಷಿಣ ಭಾರತ ಸಭೆಯವರು. ಮಾತುಕತೆಗೆ ಹೋದಾಗ ಬೀಗರು, "ನೀವು ಬಲಿಪೂಜೆ, ಜಪಸರ, ಉಪವಾಸ ಅಂತ ಪುಣ್ಯ ಕೂಡಿಸಿ ಸ್ವರ್ಗ ಕೊಳ್ಳೋರು, ನಮಗೆ ನಂಬಿಕೆಯೊಂದೇ ಸಾಕು" ಅಂದುಬಿಟ್ರು. ಕಾಫಿ ಗಂಟಲಲ್ಲಿ ಇಳೀಲಿಲ್ಲ. ನಮ್ಮ ಸಭೆ (ಚರ್ಚ್) ನಿಜವಾಗಲೂ ಹಾಗೆ ಹೇಳುತ್ತಾ?

ಉತ್ತರ (ದೈವಶಾಸ್ತ್ರದ ಮೇಷ್ಟ್ರು): ಇಲ್ಲಮ್ಮ. ಬೀಗರದು ತಪ್ಪು ತಿಳಿವಳಿಕೆ, ಆದರೆ ನಮ್ಮವರಲ್ಲೂ ಎಷ್ಟೋ ಜನ ಹಾಗೇ ಅಂದ್ಕೊಂಡಿದ್ದಾರೆ. ಪ್ರೊಟೆಸ್ಟಂಟ್ ಸುಧಾರಕ ಲೂಥರ್‌ಗೆ ಉತ್ತರವಾಗಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಹಾಕಿದ ಮೊದಲ ವಿಧಿಯೇ ಇದು: ಕ್ರಿಸ್ತನ ಕೃಪೆಯಿಲ್ಲದೆ ಬರೀ ತನ್ನ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಅನ್ನುವವನಿಗೆ ಬಹಿಷ್ಕಾರ. ಬೀಗರು 'ಕೃಪೆ' ಅನ್ನೋದನ್ನೇ ನೀವು 'ವರಪ್ರಸಾದ' ಅಂತ ದಿನಾ ನಮೋ ಮರಿಯಾ ಪ್ರಾರ್ಥನೆಯಲ್ಲಿ ಹೇಳ್ತೀರಿ.

ಜಗಳ ಇರೋದು 'ನೀತಿವಂತ' ಅನ್ನೋ ಮಾತಿನಲ್ಲಿ. ಸಾಲ ಮನ್ನಾ ನೆನೆಸಿಕೊಳ್ಳಿ. ಲೂಥರ್ ಪ್ರಕಾರ ದೇವರು ಸಾಲ ಹೊಡೆದುಹಾಕಿ, ಕ್ರಿಸ್ತನ ನೀತಿಯನ್ನು ನಿಮ್ಮ ಖಾತೆಗೆ ಬರೀತಾನೆ. ಒಳಗೆ ಪಾಪಿಯಾಗಿದ್ದರೂ ತೀರ್ಪು ನಿಮ್ಮ ಕಡೆಗೆ. ಸತ್ಕ್ರಿಯೆ ಆಮೇಲೆ ಬರೋ ಫಲ. ಟ್ರೆಂಟ್ ಪ್ರಕಾರ ಮನ್ನಾ ಮಾಡಿದವನೇ ಗದ್ದೆಗೂ ನೀರು ಹರಿಸ್ತಾನೆ, ಒಳಗೂ ಬದಲಾಗಬೇಕು. ಕೃಪೆ ಅಂದ್ರೆ ಗೊರೂರು ನಾಲೆಯ ನೀರಿದ್ದ ಹಾಗೆ, ನಮ್ಮ ಸಂಪಾದನೆಯಲ್ಲ. ಕಾಲುವೆ ಹೂಳು ತೆಗೆಯೋದು ನಾವೇ, ಆದರೆ ಗುದ್ದಲಿ ಹಿಡಿಯೋ ಕಸುವೂ ಅವನದೇ. ಪ್ರೀತಿಯಿಲ್ಲದ ವಿಶ್ವಾಸ ಸಾಲದು. ಮಾರಕ ಪಾಪದಿಂದ, ಅಂದ್ರೆ ತಿಳಿದೂ ಬೇಕೆಂದೇ ಮಾಡಿದ ಘೋರ ಪಾಪದಿಂದ, ಆ ನೀರು ನಿಂತೂಹೋಗಬಹುದು. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳೋ ಪಾಪನಿವೇದನೆ ಇರೋದು ಅದಕ್ಕೇ.

ಇನ್ನೊಂದು ತಮಾಷೆ. ಮನುಷ್ಯ ನಂಬಿಕೆಯಿಂದ ನೀತಿವಂತನಾಗ್ತಾನೆ ಅನ್ನೋ ಬೈಬಲ್ ವಚನದ (ರೋಮ 3:28) ಜರ್ಮನ್ ಅನುವಾದಕ್ಕೆ 'ಮಾತ್ರ' ಅನ್ನೋ ಪದ ಸೇರಿಸಿದ್ದು ಲೂಥರ್. ಬೈಬಲಿನಲ್ಲಿ 'ನಂಬಿಕೆ ಮಾತ್ರ' ಅನ್ನೋ ಮಾತು ಸಿಗೋದು ಯಾಕೋಬನ ಪತ್ರದಲ್ಲಿ, 2:24ರಲ್ಲಿ. ಅಲ್ಲಿರೋದು 'ನಂಬಿಕೆ ಮಾತ್ರದಿಂದಲ್ಲ' ಅಂತ! ಇದನ್ನ ಬೀಗರ ಮುಂದೆ ಎತ್ತಬೇಡಿ, ಮದುವೆ ಮುಗೀಲಿ.

ಇನ್ನೊಬ್ಬರು (ಚಿಕ್ಕಮಗಳೂರು): ಯೇಸುವಿನ ಪಕ್ಕ ಶಿಲುಬೆ ಮೇಲಿದ್ದ ಕಳ್ಳನಿಗೂ ಸ್ವರ್ಗ ಸಿಕ್ತಲ್ಲ, ಅವನು ಏನು ಕ್ರಿಯೆ ಮಾಡಿದ್ದ ಸಾರ್?

ಉತ್ತರ: ಏನೂ ಇಲ್ಲ. ದೀಕ್ಷಾಸ್ನಾನವಾದ ಹಸುಗೂಸು ತೀರಿಕೊಂಡರೆ ಸ್ವರ್ಗಕ್ಕೆ ಅಂತ ಕ್ಯಾಥೊಲಿಕರೂ ನಂಬ್ತಾರೆ. ಅದಕ್ಕೆ ಯಾವ ಕ್ರಿಯೆ ಇತ್ತು? ಎಲ್ಲ ಕೃಪೆಯೇ.

ಮತ್ತೆ ಹಾಸನದಿಂದ: ಹಾಗಾದ್ರೆ ಈಗಲೂ ಜಗಳವೇ?

ಉತ್ತರ: ಬಹಳ ಕಮ್ಮಿಯಾಗಿದೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ಕೂಡಿ ಸಹಿ ಹಾಕಿದರು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ಅಂತ. 2006ರಲ್ಲಿ ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರೂ ಒಪ್ಪಿದರು. 1947ರಲ್ಲಿ ಸಿಎಸ್‌ಐಗೆ ಸೇರಿದ ಸಭೆಗಳಲ್ಲಿ ಮೆಥಡಿಸ್ಟರೂ ಇದ್ದರು. ಅವರ ಮೂಲಪುರುಷ ಜಾನ್ ವೆಸ್ಲಿ ಪವಿತ್ರ ಜೀವನದ ಮೇಲೆ ಕೊಟ್ಟ ಒತ್ತು ನೋಡಿದ್ರೆ ಬೀಗರೇ ಬೆಚ್ಚಿಬೀಳ್ತಾರೆ. 'ನನಗೆ ರಕ್ಷಣೆ ಖಾತ್ರಿ' ಅಂತ ಹೇಳಬಹುದಾ, ಪುಣ್ಯಕ್ಕೆ ಫಲ ಅನ್ನಬಹುದಾ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಅದಿರಲಿ, ಇಂಥ ಮದುವೆಗೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು. ಹಾಸನ ಸೇರೋದು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ. ಛತ್ರ ಗೊತ್ತುಮಾಡೋ ಮೊದಲು ನಿಮ್ಮ ಗುರುಗಳನ್ನ ನೋಡಿ.